ನಾಲ್ಕು ಲೈಬ್ರರಿ, ಎರಡು ಸಾಫ್ಟ್‌ವೇರ್, ಒಂದು ಎಕ್ಸೆಲ್ ಶೀಟ್: ಕ್ಯಾಟಲಾಗ್ ಜೋಡಿಸುವುದು ಹೇಗೆ?

ಕೊಡಿಯಾಲ್_ಕಪಾಟು (ಪ್ರಶ್ನೆ)

ನಮಸ್ಕಾರ. ಮಂಗಳೂರಿನ ಎರಡು, ಉಡುಪಿ ಕಡೆಯ ಎರಡು ಕಾಲೇಜು ಲೈಬ್ರರಿಗಳ ಕ್ಯಾಟಲಾಗ್ ಜೋಡಿಸಬೇಕಾಗಿದೆ. ಸ್ಥಿತಿ ಹೀಗುಂಟು. ಮಂಗಳೂರಿನ ಒಂದರಲ್ಲಿ ಕೋಹಾ ಅನ್ನುವ ಲೈಬ್ರರಿ ಸಾಫ್ಟ್‌ವೇರ್, 62,000 ಪುಸ್ತಕ. ಇನ್ನೊಂದರಲ್ಲಿ ಸೋಲ್ 2.0 ಅನ್ನುವ ಬೇರೆ ಸಾಫ್ಟ್‌ವೇರ್, 41,000. ಉಡುಪಿಯದ್ದರಲ್ಲೂ ಕೋಹಾ, 48,000. ಇದು ಮೊದಲನೆಯದರ ಆಡಳಿತ ಮಂಡಳಿಗೇ ಸೇರಿದ್ದು. ಕೊನೆಯದು ಬಿ.ಎಡ್. ಕಾಲೇಜು, 11,000 ಪುಸ್ತಕ, ಎಲ್ಲ ಎಕ್ಸೆಲ್‌ನಲ್ಲಿ. 16 ಜಿಬಿ ರ‍್ಯಾಮ್ ಇರುವ ಒಂದು ಸರ್ವರ್ ಸಿಕ್ಕಿದೆ. ಫೈಬರ್ ಇಂಟರ್ನೆಟ್ ನಾಲ್ಕೂ ಕಡೆ ಉಂಟು, ಸ್ಥಿರ ಐಪಿ (ಬದಲಾಗದ ಇಂಟರ್ನೆಟ್ ವಿಳಾಸ) ಎಲ್ಲಿಯೂ ಇಲ್ಲ.

ಒಂದು ಕೋಹಾದಲ್ಲಿ ಇನ್ನೊಂದನ್ನು ಝಡ್39.50 (ಒಂದು ಲೈಬ್ರರಿಯಿಂದ ಇನ್ನೊಂದರ ಕ್ಯಾಟಲಾಗ್ ಹುಡುಕುವ ವಿಧಾನ) ಸರ್ವರ್ ಅಂತ ಸೇರಿಸಿ ನೋಡಿದ್ದಾಯ್ತು. ಇಂಗ್ಲಿಷ್ ಶೀರ್ಷಿಕೆ ಸಿಗ್ತದೆ, ಕನ್ನಡದ್ದು ಹುಡುಕಿದರೆ ಸೊನ್ನೆ. ಕೆಲವೊಮ್ಮೆ ಅರ್ಧ ನಿಮಿಷ ಸ್ಕ್ರೀನ್ ನಿಂತೇ ಹೋಗ್ತದೆ. ಇನ್ನೊಂದು ತೊಂದರೆ: ನಾಲ್ಕೂ ಕಡೆಯ ಡೇಟಾ ತಂದು ಒಟ್ಟು ಹಾಕಿದರೆ ತುಳು ನಿಘಂಟು ಎಂಟು ಸಲ ಬರ್ತದೆ.

ವಿದ್ಯಾರ್ಥಿ ಒಂದೇ ಪುಟದಲ್ಲಿ ಹುಡುಕಬೇಕು, ಪುಸ್ತಕ ಯಾವ ಕಾಲೇಜಿನಲ್ಲಿದೆ ಅಂತ ಗೊತ್ತಾಗಬೇಕು, ಬೇಕಾದರೆ ತರಿಸಿಕೊಳ್ಳಬೇಕು. ಎಲ್ಲವನ್ನೂ ಒಂದೇ ಕೋಹಾಕ್ಕೆ ಹಾಕುವುದಾ, ಬೇರೆ ದಾರಿ ಉಂಟಾ?

ಮಾರ್ಕ್_245

ಮೊದಲು ಝಡ್39.50 ಬಗ್ಗೆ. ಕೋಹಾದೊಳಗೆ ಅದು ಇರುವುದು ಕ್ಯಾಟಲಾಗ್ ಮಾಡುವವರಿಗೆ, ಬೇರೆಯವರ ರೆಕಾರ್ಡ್ ಎಳೆದು ನಕಲು ಮಾಡಿಕೊಳ್ಳಲಿಕ್ಕೆ. ಓದುಗರು ಹುಡುಕುವ ಪುಟಕ್ಕೆ ಅದು ಬರುವುದೇ ಇಲ್ಲ. ಬೇರೆ ಸಾಫ್ಟ್‌ವೇರ್ ಹಾಕಿ ಇರುವ ಸರ್ವರ್‌ಗಳಿಗೆಲ್ಲ ಏಕಕಾಲದಲ್ಲಿ ಪ್ರಶ್ನೆ ಕಳಿಸಬಹುದು, ಆದರೆ ಅತಿ ನಿಧಾನದ ಸರ್ವರ್ ಯಾವುದೋ ಅದರ ವೇಗವೇ ಎಲ್ಲರ ವೇಗ. ಉಡುಪಿಯಲ್ಲಿ ಕರೆಂಟ್ ಹೋದರೆ ಮಂಗಳೂರಿನ ಹುಡುಗ ಟೈಮ್‌ಔಟ್ ಆಗುವವರೆಗೆ ಕಾಯಬೇಕು. ನಿಮ್ಮ ಅರ್ಧ ನಿಮಿಷ ಅದೇ.

ಹಾಗಾಗಿ ಹುಡುಕುವ ಹೊತ್ತಿನಲ್ಲಿ ಹೋಗಿ ಕೇಳುವುದು ಬೇಡ. ರಾತ್ರಿಯೇ ಎಲ್ಲರ ರೆಕಾರ್ಡ್ ಒಂದು ಕಡೆ ತಂದು ಸೂಚಿ (ಇಂಡೆಕ್ಸ್) ಮಾಡಿಟ್ಟುಕೊಳ್ಳಿ. ಇದಕ್ಕೆ ವ್ಯೂಫೈಂಡ್ ಅನ್ನುವ ಹುಡುಕು ಸಾಫ್ಟ್‌ವೇರ್ ಸಾಕು. ಉಚಿತ, ಸೂಚಿ ಕಟ್ಟುವ ಸೋಲರ್ ಒಳಗೇ ಉಂಟು. ಒಂದೂವರೆ ಲಕ್ಷ ಪ್ರತಿ ಅಂದರೆ ಶೀರ್ಷಿಕೆ ಒಂದು ಲಕ್ಷದ ಆಸುಪಾಸು. ನಿಮ್ಮ 16 ಜಿಬಿಯಲ್ಲಿ ಆರಾಮವಾಗಿ ಕೂರ್ತದೆ.

ಕೋಹಾದಿಂದ ರೆಕಾರ್ಡ್ ತರುವ ಸರಿಯಾದ ದಾರಿ ಒಎಐ-ಪಿಎಂಎಚ್, ಅಂದರೆ ಇನ್ನೊಂದು ಸರ್ವರ್ ಬಂದು ರೆಕಾರ್ಡ್ ಒಟ್ಟಾಗಿ ಎಳೆದುಕೊಳ್ಳುವ ವಿಧಾನ. ಸಿಸ್ಟಂ ಪ್ರಿಫರೆನ್ಸ್‌ನಲ್ಲಿ ಅದನ್ನು ಎನೇಬಲ್ ಮಾಡಿ, ಆರ್ಕೈವ್ ಐಡಿ ಕೊಡಿ. ಇಲ್ಲಿ ಜನ ಬೀಳುವ ಹೊಂಡ ಮೂರು.

ಒಂದು, ಮಾಮೂಲಿ ಸೆಟ್ಟಿಂಗ್‌ನಲ್ಲಿ ಒಎಐ ಬರೀ ಪುಸ್ತಕದ ವಿವರ ಕೊಡ್ತದೆ, ಪ್ರತಿಗಳ 952 ಫೀಲ್ಡ್ ಕೊಡುವುದಿಲ್ಲ (ಮಾರ್ಕ್ ಅನ್ನುವ ಕ್ಯಾಟಲಾಗ್ ಮಾದರಿಯಲ್ಲಿ ಒಂದೊಂದು ವಿವರಕ್ಕೆ ಒಂದೊಂದು ನಂಬ್ರದ ಫೀಲ್ಡ್). ಯಾವ ಲೈಬ್ರರಿ, ಯಾವ ಕಾಲ್ ನಂಬ್ರ ಅಂತ ಇರುವುದು ಅದರಲ್ಲೇ. ಕಾನ್ಫಿಗರೇಶನ್ ಫೈಲ್ ಒಂದು ಬರೆದು, ಅದರಲ್ಲಿ ಇನ್‌ಕ್ಲೂಡ್ ಐಟಮ್ಸ್ ಎದುರು 1 ಹಾಕಿ, ಫೈಲಿನ ಜಾಗವನ್ನು ಪ್ರಿಫರೆನ್ಸ್‌ನಲ್ಲಿ ತೋರಿಸಬೇಕು.

ಎರಡು, ಅಳಿಸಿದ ರೆಕಾರ್ಡ್. ಕೋಹಾದಲ್ಲಿ ರದ್ದಿಗೆ ಹಾಕಿದ ಪುಸ್ತಕದ ಸುದ್ದಿ ಸೂಚಿಗೆ ತಲುಪದಿದ್ದರೆ ಅದು ಅಲ್ಲಿ ಭೂತದ ಹಾಗೆ ಉಳಿಯುತ್ತದೆ. ಡಿಲೀಟೆಡ್ ರೆಕಾರ್ಡ್ ಪ್ರಿಫರೆನ್ಸನ್ನು ಪರ್ಸಿಸ್ಟೆಂಟ್ ಮಾಡಿ, ಡೇಟಾಬೇಸ್ ಗುಡಿಸುವ ಕ್ರಾನ್ (ನಿಗದಿತ ಹೊತ್ತಿಗೆ ತಾನಾಗಿ ಓಡುವ) ಕೆಲಸ ಅಳಿಸಿದ ರೆಕಾರ್ಡ್‌ಗಳ ಪಟ್ಟಿಯನ್ನು ಖಾಲಿ ಮಾಡದ ಹಾಗೆ ನೋಡಿಕೊಳ್ಳಿ. ಅಷ್ಟು ಮಾಡಿದರೂ ವರ್ಷಕ್ಕೆ ಎರಡು ಸಲ ಸೂಚಿ ಖಾಲಿ ಮಾಡಿ ಮೊದಲಿನಿಂದ ತುಂಬುವುದು ಒಳ್ಳೆಯದು.

ಮೂರನೆಯದು ದೊಡ್ಡದು. 001 ಫೀಲ್ಡ್. ಅದೇ ರೆಕಾರ್ಡಿನ ಗುರುತು ಅಂತ ಮಾರ್ಕ್ ನಿಯಮದ ಪುಸ್ತಕ ಹೇಳ್ತದೆ. ಆದರೆ ಕೋಹಾ ಅದನ್ನು ತಾನಾಗಿ ತುಂಬುವುದಿಲ್ಲ, ತನ್ನ ನಂಬ್ರವನ್ನು 999ರ ಸಿ ಸಬ್‌ಫೀಲ್ಡಿನಲ್ಲಿ ಇಟ್ಟುಕೊಳ್ತದೆ. ಬೇರೆ ಕಡೆಯಿಂದ ನಕಲು ಮಾಡಿದ ರೆಕಾರ್ಡಿನಲ್ಲಿ 001 ಇರ್ತದೆ, ಆದರೆ ಅದು ಆ ಮೂಲ ಲೈಬ್ರರಿಯ ನಂಬ್ರ. ಮಂಗಳೂರು, ಉಡುಪಿ ಎರಡೂ ಕಡೆ ಲೈಬ್ರರಿ ಆಫ್ ಕಾಂಗ್ರೆಸ್‌ನಿಂದ ಒಂದೇ ರೆಕಾರ್ಡ್ ಇಳಿಸಿಕೊಂಡಿದ್ದರೆ ಎರಡಕ್ಕೂ 001 ಒಂದೇ. ಸೋಲರ್‌ಗೆ ಒಂದೇ ಐಡಿ ಎರಡು ಸಲ ಬಂದರೆ ಎರಡನೆಯದು ಮೊದಲನೆಯದನ್ನು ಒರೆಸಿ ಹಾಕ್ತದೆ. ಎರರ್ ಬರುವುದಿಲ್ಲ, ಲಾಗ್‌ನಲ್ಲೂ ಏನೂ ಕಾಣುವುದಿಲ್ಲ. ಮಂಗಳೂರಿನ ಪುಸ್ತಕ ಸುಮ್ಮನೆ ಮಾಯ. ಅದಕ್ಕೆ ಆಮದಿಗೆ ಮುಂಚೆ 001ಕ್ಕೆ ಲೈಬ್ರರಿಯ ಚುಟುಕು ಹೆಸರು, ಒಂದು ಚುಕ್ಕೆ, ನಂತರ 999 ಸಿ ನಂಬ್ರ ಹಾಕಿ. ಹಳೆಯ 001ನ್ನು ಬೇರೆ ಕಡೆಯ ನಂಬ್ರಗಳಿಗಿರುವ 035ಕ್ಕೆ ಸರಿಸಿ, ಬಿಸಾಡಬೇಡಿ. ಚುಕ್ಕೆ ಯಾಕೆಂದರೆ ವ್ಯೂಫೈಂಡಿನ ಮಲ್ಟಿಬ್ಯಾಕೆಂಡ್ ಡ್ರೈವರ್ ಚುಕ್ಕೆಯ ಹಿಂದಿನ ಭಾಗ ನೋಡಿಯೇ ಯಾವ ಕೋಹಾವನ್ನು ಕೇಳಬೇಕು ಅಂತ ತಿಳಿಯುವುದು.

ಪುಸ್ತಕ ಒಳಗುಂಟಾ ಹೊರಗುಂಟಾ ಅನ್ನುವುದನ್ನು ಮಾತ್ರ ರಾತ್ರಿ ತಂದಿಡಬೇಡಿ, ಬೆಳಿಗ್ಗೆ ಹತ್ತಕ್ಕೇ ಹಳಸಿರ್ತದೆ. ಅದು ಆ ಡ್ರೈವರ್ ಮೂಲಕ ಆಗಿಂದಾಗ್ಗೆ ಬರಲಿ. ಅಷ್ಟಕ್ಕೆ ಸೂಚಿ ಸರ್ವರ್ ಎರಡು ಕೋಹಾಗಳನ್ನು ತಲುಪುವ ಹಾಗಿರಬೇಕು. ಸೋಲ್ ಮತ್ತು ಎಕ್ಸೆಲ್ ಲೈಬ್ರರಿಗಳಿಗೆ ಇದು ಆಗುವುದಿಲ್ಲ. ಅಲ್ಲಿ "ಪ್ರತಿ ಇದೆ, ವಿಚಾರಿಸಿ" ಅಂತ ತೋರಿಸಿ. "ಲಭ್ಯ" ಅಂತ ಸುಳ್ಳು ತೋರಿಸಿದರೆ ಉಡುಪಿಯಿಂದ ಬಸ್ಸು ಹತ್ತಿ ಬಂದವನ ಬೈಗುಳ ನೀವೇ ಕೇಳಬೇಕು.

ಪಡುಬಿದ್ರಿ_ಸರ್ವರ್

ಸ್ಥಿರ ಐಪಿ ಇಲ್ಲ ಅಂದಿದ್ದೀರಲ್ಲ, ಅಲ್ಲಿ ಒಎಐ ಕಷ್ಟ. ಹೊರಗಿನ ಸರ್ವರ್ ಒಳಗೆ ಬಂದು ಕೇಳಬೇಕು, ಬಾಗಿಲು ಎಲ್ಲುಂಟು ಅಂತ ಅದಕ್ಕೆ ಗೊತ್ತಿರುವುದಿಲ್ಲ. ಎಷ್ಟೋ ಫೈಬರ್ ಕನೆಕ್ಷನ್‌ನಲ್ಲಿ ಐಪಿಯನ್ನು ಹತ್ತಾರು ಮನೆಗಳಿಗೆ ಹಂಚಿರ್ತಾರೆ, ರೌಟರಿನಲ್ಲಿ ಪೋರ್ಟ್ ತೆರೆದರೂ ಉಪಯೋಗ ಇಲ್ಲ.

ತಿರುಗಿಸಿ ಯೋಚಿಸಿ: ಎಳೆಯುವ ಬದಲು ದೂಡಿ. ಕೋಹಾದಲ್ಲಿ ರೆಕಾರ್ಡ್ ಎಕ್ಸ್‌ಪೋರ್ಟ್ ಮಾಡುವ ಸ್ಕ್ರಿಪ್ಟ್ ಬಂದೇ ಇರ್ತದೆ, ತಾರೀಕು ಕೊಟ್ಟರೆ ಅಲ್ಲಿಂದೀಚೆ ಬದಲಾದದ್ದನ್ನು ಮಾತ್ರ ಕೊಡ್ತದೆ. ರಾತ್ರಿ ಎರಡಕ್ಕೆ ಕ್ರಾನ್‌ನಲ್ಲಿ ಅದನ್ನು ಓಡಿಸಿ, ಮಾರ್ಕ್‌ಎಕ್ಸ್‌ಎಂಎಲ್ ಫೈಲನ್ನು ಆರ್‌ಸಿಂಕ್ ಮೂಲಕ ಸೂಚಿ ಸರ್ವರ್‌ಗೆ ಕಳಿಸಿ. ಕಾಲೇಜಿನ ಕಡೆ ಒಂದೂ ಪೋರ್ಟ್ ತೆರೆಯಬೇಕಿಲ್ಲ. ಸೂಚಿ ಸರ್ವರನ್ನು ಮಾತ್ರ ಬಾಡಿಗೆಯ ವಿಪಿಎಸ್‌ನಲ್ಲಿ (ಇಂಟರ್ನೆಟ್ಟಿನಲ್ಲಿ ಸಿಗುವ ಸರ್ವರ್) ಇಡಿ, ಇಲ್ಲವೇ ಆ ಒಂದು ಕಾಲೇಜಿಗೆ ಸ್ಥಿರ ಐಪಿ ತೆಗೆದುಕೊಳ್ಳಿ. ಮೇಲೆ ಹೇಳಿದ ಆಗಿಂದಾಗ್ಗಿನ ಸ್ಥಿತಿ ಬೇಕಿದ್ದರೆ ಕೋಹಾ ಕಡೆಯಿಂದಲೇ ಎಸ್‌ಎಸ್‌ಎಚ್ ರಿವರ್ಸ್ ಟನಲ್ (ಒಳಗಿನಿಂದಲೇ ಹೊರಗಿನ ಸರ್ವರಿಗೆ ತೆರೆಯುವ ಸುರಕ್ಷಿತ ದಾರಿ) ಹಾಕಿ.

ಸೋಲ್‌ನಿಂದ ಐಎಸ್‌ಒ 2709 (ಮಾರ್ಕ್ ರೆಕಾರ್ಡ್ ಸಾಗಿಸುವ ಫಾರ್ಮ್ಯಾಟ್) ಫೈಲ್ ತೆಗೆಯುವಾಗ ಜಾಗ್ರತೆ. ಆ ಫಾರ್ಮ್ಯಾಟ್‌ನಲ್ಲಿ ರೆಕಾರ್ಡಿನ ಉದ್ದ ಐದು ಅಂಕಿಗಳಲ್ಲಿ, ಬೈಟ್ ಲೆಕ್ಕದಲ್ಲಿ ಬರೆದಿರ್ತದೆ. ಕನ್ನಡದ ಒಂದೊಂದು ಯೂನಿಕೋಡ್ ಚಿಹ್ನೆಗೆ ಯುಟಿಎಫ್-8ರಲ್ಲಿ 3 ಬೈಟ್. "ತುಳು" ಅಂದರೆ ಕಣ್ಣಿಗೆ ಎರಡಕ್ಷರ, ಒಳಗೆ ನಾಲ್ಕು ಚಿಹ್ನೆ, 12 ಬೈಟ್. ಉದ್ದವನ್ನು ಚಿಹ್ನೆಯ ಲೆಕ್ಕದಲ್ಲಿ ಬರೆದ ಫೈಲ್ ಬಂದರೆ ಓದುವ ಪ್ರೋಗ್ರಾಂ ಅರ್ಧಕ್ಕೇ ಕತ್ತರಿಸ್ತದೆ, ಮುಂದಿನ ರೆಕಾರ್ಡ್ ಎಲ್ಲಿ ಶುರು ಅಂತಲೂ ತಪ್ಪುತ್ತದೆ. ಇಂಗ್ಲಿಷ್ ಪುಸ್ತಕ ಎಲ್ಲ ಸರಿ, ಕನ್ನಡದ್ದು ಮಾತ್ರ ಹಾಳು ಅಂತ ಕಂಡರೆ ಮೊದಲು ಇದನ್ನು ನೋಡಿ. ರೆಕಾರ್ಡಿನ ಮೊದಲ ಸಾಲಾದ ಲೀಡರಿನಲ್ಲಿ 09ನೇ ಸ್ಥಾನದಲ್ಲಿ ಎ ಅಕ್ಷರ ಇರಬೇಕು, ಅದು ಯೂನಿಕೋಡ್ ಅಂತ ಹೇಳುವ ಗುರುತು. ಖಾಲಿ ಇದ್ದರೆ ಮಾರ್ಕ್-8 (ಹಳೆಯ ಅಕ್ಷರ ಸಂಕೇತ) ಅಂತ ತಿಳಿದು ಓದ್ತದೆ, ಮಾರ್ಕ್-8ರಲ್ಲಿ ಕನ್ನಡವೇ ಇಲ್ಲ.

ಎಕ್ಸೆಲ್‌ಗೆ ಬೇರೆಯೇ ಕಾಯಿಲೆ. ಐಎಸ್‌ಬಿಎನ್ ಕಾಲಂ ಟೆಕ್ಸ್ಟ್ ಅಂತ ಮಾಡಿಲ್ಲದಿದ್ದರೆ 13 ಅಂಕಿ ಹೋಗಿ 9.78ಇ+12 ಅಂತ ಕಾಣ್ತದೆ. ಆ ರೂಪದಲ್ಲೇ ಸಿಎಸ್‌ವಿ ಉಳಿಸಿದರೆ ಉಳಿದ ಅಂಕಿ ಹೋದದ್ದು ಹೋಯ್ತು. ಅಕ್ಸೆಶನ್ ನಂಬ್ರದ ಮುಂದಿನ ಸೊನ್ನೆಗಳೂ ಹಾಗೆಯೇ. ಮೊದಲು ಕಾಲಂ ಸರಿ ಮಾಡಿ, ಮತ್ತೆ ಸಿಎಸ್‌ವಿ ಯುಟಿಎಫ್-8 ಆಗಿ ಉಳಿಸಿ, ಮತ್ತೆ ಮಾರ್ಕ್‌ಎಡಿಟ್‌ನ ಡಿಲಿಮಿಟೆಡ್ ಟೆಕ್ಸ್ಟ್ ಟ್ರಾನ್ಸ್‌ಲೇಟರ್‌ಗೆ ಕೊಡಿ, ಅದು ಮಾರ್ಕ್ ರೆಕಾರ್ಡ್ ಮಾಡಿಕೊಡ್ತದೆ.

ಅರ್ಕಾವೊತ್ತು

ಕನ್ನಡ ಹುಡುಕಿದರೆ ಸೊನ್ನೆ ಬರಲಿಕ್ಕೆ ಕಾರಣ ಎರಡಿರಬಹುದು, ಬೇರೆ ಬೇರೆಯಾಗಿ ಪರೀಕ್ಷಿಸಿ.

ಮೊದಲನೆಯದು ಕೋಹಾದ ಝೀಬ್ರಾ ಸೂಚಿ. ಅದು ಬರುವಾಗ ಲ್ಯಾಟಿನ್ ಅಕ್ಷರಗಳ ಪಟ್ಟಿ ಇಟ್ಟುಕೊಂಡು ಬರ್ತದೆ. ಝೀಬ್ರಾ ಡಿಬಿ ಫೋಲ್ಡರಿನ ಡಿಫಾಲ್ಟ್ ಡಾಟ್ ಐಡಿಎಕ್ಸ್ ಫೈಲಿನಲ್ಲಿ ಕ್ಯಾರ್‌ಮ್ಯಾಪ್ ಅಂತ ಇರುವ ಸಾಲುಗಳನ್ನು ಐಸಿಯು (ಎಲ್ಲ ಲಿಪಿಗಳ ಯೂನಿಕೋಡ್ ತಿಳಿಯುವ ವ್ಯವಸ್ಥೆ) ಚೈನ್‌ಗೆ ಬದಲಿಸಿ, ಯೂಸ್ ಐಸಿಯು ಅಂತ ಶುರುವಾಗುವ ಪ್ರಿಫರೆನ್ಸ್ ಆನ್ ಮಾಡಿ, ಮತ್ತೆ ಸೂಚಿಯನ್ನು ಪೂರ್ತಿಯಾಗಿ ಹೊಸದಾಗಿ ಕಟ್ಟಿ. ಪೂರ್ತಿಯಾಗಿ ಅಂದರೆ ಪೂರ್ತಿಯಾಗಿ. ಬದಲಾದ ರೆಕಾರ್ಡ್ ಮಾತ್ರ ಕಟ್ಟಿದರೆ ಹಳೆಯ 48,000 ಹಾಗೇ ಕುರುಡಾಗಿ ಉಳಿಯುತ್ತವೆ. ಐಸಿಯು ಹಾಕಿದರೆ ಫಜ್ಜಿ ಸರ್ಚ್ (ಹತ್ತಿರದ ಕಾಗುಣಿತವನ್ನೂ ಹುಡುಕುವುದು) ಕೆಲಸ ಮಾಡುವುದಿಲ್ಲ, ಅಷ್ಟು ನಷ್ಟ ಉಂಟು.

ಎರಡನೆಯದು ನುಡಿ, ಬರಹದ ಹಳೆಯ ಆಸ್ಕಿ ಫಾಂಟ್. ಪರದೆಯಲ್ಲಿ ಕನ್ನಡ ಕಂಡರೂ ಒಳಗಿರುವುದು ಲ್ಯಾಟಿನ್ ಚಿಹ್ನೆಗಳು. ಶೀರ್ಷಿಕೆ ಇರುವ 245 ಫೀಲ್ಡನ್ನು ನಕಲು ಮಾಡಿ ನೋಟ್‌ಪ್ಯಾಡಿಗೆ ಅಂಟಿಸಿ. ತಲೆ ಮೇಲೆ ಗೀಟು, ಚುಕ್ಕೆ ಇರುವ ಇಂಗ್ಲಿಷ್ ಅಕ್ಷರ ಬಂದರೆ ಆಸ್ಕಿ. ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಬೇಕು. ಒಂದೇ ಫೀಲ್ಡಿನಲ್ಲಿ ಇಂಗ್ಲಿಷ್ ಮತ್ತು ನುಡಿ ಬೆರೆತಿದ್ದರೆ ಪರಿವರ್ತಕ ಇಂಗ್ಲಿಷನ್ನೂ ಕನ್ನಡ ಮಾಡಿ ಕಸ ಮಾಡ್ತದೆ, ಅವನ್ನು ಮೊದಲೇ ಬೇರೆ ತೆಗೆದಿಡಿ.

ಇದೆಲ್ಲ ಆದ ಮೇಲೂ ಉಳಿಯುವ ಒಂದು ಕೀಟಲೆ ಉಂಟು. ಈ ಎರಡು ಶಬ್ದ ನೋಡಿ:

ನಿಘಂಟು
ನಿಘ೦ಟು

ವ್ಯತ್ಯಾಸ ಕಾಣ್ತದಾ? ಮೊದಲನೆಯದರಲ್ಲಿ ಅನುಸ್ವಾರ, ಎರಡನೆಯದರಲ್ಲಿ ಕನ್ನಡ ಅಂಕಿ ಸೊನ್ನೆ. ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ. ಅನುಸ್ವಾರ ಇರುವ ಪ್ರತಿ ಶಬ್ದದಲ್ಲೂ ಈ ಅಪಾಯ ಉಂಟು: ಮಂಗಳೂರು, ಸಂಶೋಧನೆ, ಗ್ರಂಥಾಲಯ. ಡೇಟಾ ಶುಚಿ ಮಾಡುವ ಓಪನ್‌ರಿಫೈನ್ ಸಾಫ್ಟ್‌ವೇರಿನಲ್ಲಿ ಅಕ್ಷರದ ಪಕ್ಕ ಬಂದ ೦ ಎಲ್ಲವನ್ನೂ ಹುಡುಕಿ ಬದಲಿಸಿ, ಪಕ್ಕದಲ್ಲಿ ಬೇರೆ ಅಂಕಿ ಇದ್ದರೆ ಮುಟ್ಟಬೇಡಿ. ೧೯೫೦ ಇಸವಿ ಆಗಿರಬಹುದು. ಹಾಗೆಯೇ ಸೂರ್ಯ ಮತ್ತು ಸೂರ‍್ಯ. ಎರಡನೆಯದರಲ್ಲಿ ಕಣ್ಣಿಗೆ ಕಾಣದ ಜೀರೋ ವಿಡ್ತ್ ಜಾಯ್ನರ್ ಕೂತಿದೆ. ಅದನ್ನು ಶೀರ್ಷಿಕೆಯಿಂದ ತೆಗೆಯಬೇಡಿ, ಅರ್ಕಾವೊತ್ತಿನ ರೂಪ ಬದಲಾಗ್ತದೆ. ಎರಡು ರೆಕಾರ್ಡ್ ಒಂದೇ ಪುಸ್ತಕದ್ದಾ ಅಂತ ಹೋಲಿಸಲಿಕ್ಕೆ ಬೇರೆಯಾಗಿ ಮಾಡುವ ಕೀಲಿಯಿಂದ ಮಾತ್ರ ತೆಗೆಯಿರಿ.

ಮಾರ್ಕ್_245

ಎಂಟು ಸಲದ ನಿಘಂಟಿಗೆ ಉತ್ತರ ಬಾಕಿ ಇತ್ತು. ಉಡುಪಿಯ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರದ ತುಳು ನಿಘಂಟು 1988ರಿಂದ 1997ರವರೆಗೆ ಆರು ಸಂಪುಟಗಳಲ್ಲಿ ಬಂದದ್ದು. ಒಂದು ಲೈಬ್ರರಿ ಒಂದು ರೆಕಾರ್ಡ್ ಮಾಡಿ ಆರು ಪ್ರತಿ ಸೇರಿಸಿರ್ತದೆ, ಇನ್ನೊಂದು ಸಂಪುಟಕ್ಕೊಂದರಂತೆ ಆರು ರೆಕಾರ್ಡ್ ಮಾಡಿರ್ತದೆ, ಮೂರನೆಯವರು "ತುಳು ಲೆಕ್ಸಿಕನ್" ಅಂತ ರೋಮನ್ ಲಿಪಿಯಲ್ಲಿ ಹಾಕಿರ್ತಾರೆ. ಒಂದು, ಆರು, ಒಂದು, ಎಂಟಾಯ್ತಲ್ಲ. ಯಾವ ಸಾಫ್ಟ್‌ವೇರೂ ಇದನ್ನು ತಾನಾಗಿ ಬಿಡಿಸುವುದಿಲ್ಲ, ನಾಲ್ವರೂ ಕೂತು ಒಂದು ನಿಯಮ ಬರೆದುಕೊಳ್ಳಬೇಕು. ನನ್ನ ಮತ: ಒಂದು ಶೀರ್ಷಿಕೆ, ಒಂದು ಸಂಪಾದಕತ್ವ ಇದ್ದರೆ ಒಂದೇ ರೆಕಾರ್ಡ್, ಸಂಪುಟದ ಸಂಖ್ಯೆ 952ರ ಎಚ್ ಸಬ್‌ಫೀಲ್ಡಿನಲ್ಲಿ. 245ರಲ್ಲಿ ಕನ್ನಡ ಲಿಪಿ, ಶೀರ್ಷಿಕೆಯ ಇನ್ನೊಂದು ರೂಪಕ್ಕಿರುವ 246ರಲ್ಲಿ ಮೇಲುಗೀಟು ಕೆಳಚುಕ್ಕೆ ಇಲ್ಲದ ಸಾದಾ ರೋಮನ್. ಹುಡುಗರು ಮೊಬೈಲಿನಲ್ಲಿ ಟೈಪ್ ಮಾಡುವುದು ಹಾಗೆಯೇ.

ಉಳಿದವಕ್ಕೆ ಐಎಸ್‌ಬಿಎನ್ ಹೋಲಿಸಿ, ಆದರೆ 10 ಅಂಕಿಯದ್ದನ್ನು 13 ಮಾಡಿಕೊಂಡು. ಬರೀ 978 ಅಂಟಿಸಿದರೆ ಸಾಲದು, ಕೊನೆಯ ಅಂಕಿ ಕಿತ್ತು ಪರೀಕ್ಷಾ ಅಂಕಿ ಹೊಸದಾಗಿ ಲೆಕ್ಕ ಹಾಕಬೇಕು: 12 ಅಂಕಿಗಳನ್ನು ಸರದಿಯಲ್ಲಿ 1, 3, 1, 3ರಿಂದ ಗುಣಿಸಿ ಕೂಡಿಸಿ, ಮುಂದಿನ ಹತ್ತರ ಗುಣಕಕ್ಕೆ ಎಷ್ಟು ಬೇಕೋ ಅದು. ನಮ್ಮ ಕಡೆಯ ಹಳೆಯ ಪುಸ್ತಕಗಳಿಗೆ ಐಎಸ್‌ಬಿಎನ್ ಇರುವುದೇ ಕಡಿಮೆ. ಅಲ್ಲಿ ಶೀರ್ಷಿಕೆ, ಇಸವಿ, ಪುಟ ಸಂಖ್ಯೆ ಮೂರೂ ಕೂಡಿದರೆ ಮಾತ್ರ ಒಂದೇ ಅನ್ನಿ. ಲೇಖಕರ ಹೆಸರನ್ನು ಕೀಲಿಯಲ್ಲಿ ಸೇರಿಸಬೇಡಿ; ಕಾರಂತ ಶಿವರಾಮ, ಶಿವರಾಮ ಕಾರಂತ ಕೆ., ಕಾರಂತ ಕೋಟ ಶಿವರಾಮ, ಒಬ್ಬರೇ ಮೂರು ಜನ ಆಗಿರ್ತಾರೆ. ಒಂದೇ ಅಂತ ಕಂಡ ರೆಕಾರ್ಡ್‌ಗಳನ್ನು ಸೂಚಿಯಲ್ಲಿ ಗುಂಪು ಮಾಡಿ ತೋರಿಸಿ. ಮೂಲದಲ್ಲಿ ಅಳಿಸಲಿಕ್ಕೆ ಹೋಗಬೇಡಿ.

ಬೆಳ್ಳಿಹಾಳೆ

ಇಷ್ಟೆಲ್ಲ ಯಾಕೆ ಮಾರಾಯ್ರೆ? ಎರಡು ಕೋಹಾ ಒಂದೇ ಆಡಳಿತದ್ದು ಅಂದರಲ್ಲ, ಅವೆರಡನ್ನೂ ಒಂದೇ ಕೋಹಾದ ಎರಡು ಬ್ರಾಂಚ್ ಮಾಡಿ. ಬಿ.ಎಡ್. ಕಾಲೇಜಿನವರು ಒಪ್ಪಿದರೆ ಅವರದ್ದು ಮೂರನೆಯ ಬ್ರಾಂಚ್. ಸೋಲ್‌ನವರು ಹೇಗೂ ಒಂದು ದಿನ ಹೊಸ ಆವೃತ್ತಿಗೆ ಹೋಗಲೇಬೇಕು, ಆಗ ಕೇಳಿ ನೋಡಿ. ವ್ಯೂಫೈಂಡ್, ಸೋಲರ್, ಟನಲ್, ಕ್ರಾನ್, ಇವನ್ನೆಲ್ಲ ನೋಡಿಕೊಳ್ಳುವ ಒಬ್ಬ ಕೆಲಸ ಬಿಟ್ಟು ಬೆಂಗಳೂರಿಗೆ ಹೋದರೆ ಆರು ತಿಂಗಳಲ್ಲಿ ಎಲ್ಲ ನಿಲ್ತದೆ. ಒಂದೇ ಕೋಹಾ ಆದರೆ ಬ್ರಾಂಚಿನಿಂದ ಬ್ರಾಂಚಿಗೆ ಟ್ರಾನ್ಸ್‌ಫರ್, ಹೋಲ್ಡ್ ಎಲ್ಲ ಒಳಗೇ ಉಂಟು, ಜೋಡಿಸುವ ಮಾತೇ ಇಲ್ಲ.

ವಿಲೀನಕ್ಕೆ ಮುಂಚೆ ಒಂದೇ ಒಂದು ಕೆಲಸ ತಪ್ಪಿಸಬೇಡಿ: ಬಾರ್‌ಕೋಡ್. ಎರಡೂ ಕಡೆ 12345 ಇರ್ತದೆ, ಕೋಹಾ ಒಂದು ಬಾರ್‌ಕೋಡನ್ನು ಒಂದೇ ಪ್ರತಿಗೆ ಒಪ್ಪುವುದು. ಉಡುಪಿಯದ್ದಕ್ಕೆ ಡೇಟಾದಲ್ಲಿ ಮುಂದೆ ಯು ಸೇರಿಸಬಹುದು, ಆದರೆ ಪುಸ್ತಕದ ಮೇಲೆ ಅಂಟಿಸಿದ ಲೇಬಲ್ ಹಳೆಯದೇ. 48,000 ಲೇಬಲ್ ಮತ್ತೆ ಅಂಟಿಸುವ ಬದಲು, ಸ್ಕ್ಯಾನರನ್ನೇ ಪ್ರೋಗ್ರಾಂ ಮಾಡಿ ಮುಂದೆ ಯು ಹಾಕುವ ಹಾಗೆ ಮಾಡಬಹುದು. ಅದು ಉಡುಪಿಯ ಕೌಂಟರಿನಲ್ಲಿ ಸರಿ. ಮಂಗಳೂರಿನ ಪುಸ್ತಕ ಅಲ್ಲಿಗೆ ಬಂದ ದಿನ ಅದಕ್ಕೂ ಯು ಬೀಳ್ತದೆ, ನೆನಪಿರಲಿ. ಹಾಗಾಗಿ ಓಡಾಡುವ ಪುಸ್ತಕಕ್ಕಾದರೂ ಹೊಸ ಲೇಬಲ್ ಹಾಕಿ. ಸದಸ್ಯರ ಕಾರ್ಡ್ ನಂಬ್ರಕ್ಕೂ ಇದೇ ಮಾತು.

ಮಾರ್ಕ್_245

ಎರಡು ಕೋಹಾ ಒಂದು ಮಾಡುವುದಕ್ಕೆ ನನ್ನದೂ ಒಪ್ಪಿಗೆ, ಅದನ್ನು ಮೊದಲೇ ಹೇಳಬೇಕಿತ್ತು. ಬೇರೆ ಆಡಳಿತದವರನ್ನು ಎಳೆಯುವುದಕ್ಕೆ ಇಲ್ಲ. ಸದಸ್ಯರ ಮಾಹಿತಿ, ದಂಡದ ಲೆಕ್ಕ, ನ್ಯಾಕ್ (ಕಾಲೇಜಿನ ಮೌಲ್ಯಮಾಪನ) ವರದಿ ಎಲ್ಲ ಇನ್ನೊಬ್ಬರ ಸರ್ವರಿನಲ್ಲಿ ಇರಲಿಕ್ಕೆ ಯಾವ ಪ್ರಿನ್ಸಿಪಾಲರು ಬಿಡ್ತಾರೆ?

ಎಕ್ಸ್‌ಪ್ರೆಸ್_ಪಾರ್ಸೆಲ್

ಕ್ಯಾಟಲಾಗ್ ಸೇರಿದ ಮೇಲೆ ಪುಸ್ತಕ ಹೋಗುವುದು ಹೇಗೆ ಅಂತ ಯಾರೂ ಬರೆಯಲಿಲ್ಲ.

ಒಂದು ಲೈಬ್ರರಿ ಇನ್ನೊಂದರ ಸದಸ್ಯ ಆಗಲಿ. ಕೋಹಾದಲ್ಲಿ "ಪಾಲುದಾರ ಗ್ರಂಥಾಲಯ" ಅಂತ ಬೇರೆ ಸದಸ್ಯ ವರ್ಗ ಮಾಡಿ, ಒಮ್ಮೆಗೆ 10 ಪುಸ್ತಕ, 30 ದಿನ ಕೊಡಿ. ಓದುಗನಿಗೆ 21 ದಿನ ಮಾತ್ರ ಹೇಳಿ, ಉಳಿದ ಒಂಬತ್ತು ದಿನ ಹೋಗಿ ಬರಲಿಕ್ಕೆ. ಕಳೆದರೆ ಹೊಣೆ ತರಿಸಿಕೊಂಡ ಲೈಬ್ರರಿಯದ್ದು, ವಿದ್ಯಾರ್ಥಿಯಿಂದ ವಸೂಲಿ ಅವರ ಪಾಡು. ರೆಫರೆನ್ಸ್, ಪಠ್ಯಪುಸ್ತಕ, ಬಾಸೆಲ್ ಮಿಷನ್ ಕಾಲದ ಮುದ್ರಣ ಇವನ್ನು ಕೊಡುವುದಿಲ್ಲ ಅಂತ ಮೊದಲೇ ಬರೆದಿಡಿ. 952ರಲ್ಲಿ ನಾಟ್ ಫಾರ್ ಲೋನ್ ಹಾಕಿದ್ದರೆ ಸೂಚಿಯಲ್ಲೂ ಕಾಣುವ ಹಾಗೆ ಮಾಡಬಹುದು.

ಮಂಗಳೂರು ಉಡುಪಿ ಸುಮಾರು 60 ಕಿಲೋಮೀಟರ್, ಬಸ್ಸಿನ ಪಾರ್ಸೆಲ್‌ಗಿಂತ ಬೇಗ ಏನೂ ಹೋಗುವುದಿಲ್ಲ. ದಿನ ನಿಗದಿ ಮಾಡಿ, ಮಂಗಳವಾರ ಶುಕ್ರವಾರ ಸಾಕು. ಚೀಲದಲ್ಲಿ ಪಟ್ಟಿ ಒಂದು, ಕಳಿಸಿದವರ ಫೈಲಿನಲ್ಲಿ ಅದರ ಪ್ರತಿ ಒಂದು. ಜೂನ್‌ನಿಂದ ಸೆಪ್ಟೆಂಬರ್ ವರೆಗೆ ಎರಡು ಪದರ ಪ್ಲಾಸ್ಟಿಕ್, ಬಾಯಿ ಕೆಳಗೆ ಮಾಡಿ ಕಟ್ಟಿ. ಒದ್ದೆಯಾಗಿ ಬಂದ ಪುಸ್ತಕವನ್ನು ಪ್ಲಾಸ್ಟಿಕ್‌ನಲ್ಲೇ ರಾತ್ರಿ ಇಟ್ಟರೆ ಬೂಸ್ಟು ಹಿಡಿಯಿತು ಅಂತಲೇ ಲೆಕ್ಕ, ಬಂದ ಕೂಡಲೇ ಬಿಚ್ಚಿ ಫ್ಯಾನಿನ ಅಡಿ ನಿಲ್ಲಿಸಿ.

ತರಿಸಿಕೊಂಡ ಪುಸ್ತಕದ ಮೇಲೆ ನಿಮ್ಮ ಬಾರ್‌ಕೋಡ್ ಅಂಟಿಸಬೇಡಿ. ಕಾಗದದ ಪಟ್ಟಿಗೆ ತಾತ್ಕಾಲಿಕ ಬಾರ್‌ಕೋಡ್ ಹಾಕಿ ರಟ್ಟಿಗೆ ಸುತ್ತಿ. ಕೌಂಟರಿನಲ್ಲಿ ಫಾಸ್ಟ್ ಕ್ಯಾಟಲಾಗಿಂಗ್‌ನಿಂದ ಚಿಕ್ಕ ರೆಕಾರ್ಡ್ ಮಾಡಿದರೆ ಇಶ್ಯೂ ಮಾಡಬಹುದು.

ಎರವಲು ಪುಸ್ತಕ ಬಿಟ್ಟು ಇನ್ನೊಂದು ಮಾತು. ಎನ್-ಲಿಸ್ಟ್‌ನಂಥ ಇ-ಸಂಪನ್ಮೂಲ ಆಯಾ ಕಾಲೇಜಿನ ಸದಸ್ಯರಿಗೆ ಮಾತ್ರ. ಪಾಸ್‌ವರ್ಡ್ ಹಂಚುವುದಕ್ಕೆ ಸಂಪನ್ಮೂಲ ಹಂಚಿಕೆ ಅಂತ ಹೆಸರಿಡಬೇಡಿ. ನಾಲ್ಕೂ ಕಡೆ ಇಲ್ಲದ ಪುಸ್ತಕಕ್ಕೆ ನಿಮ್ಮಲ್ಲಿ ಯಾರಾದರೂ ಡೆಲ್‌ನೆಟ್ (ಲೈಬ್ರರಿಗಳ ಎರವಲು ಜಾಲ) ಸದಸ್ಯರಿದ್ದರೆ ಆ ದಾರಿ ಉಂಟು.

ಕೊಡಿಯಾಲ್_ಕಪಾಟು

ಎಲ್ಲರಿಗೂ ಧನ್ಯವಾದ. ಐಸಿಯು ಹಾಕಿ ಸೂಚಿ ಹೊಸದಾಗಿ ಕಟ್ಟಿದ್ದಾಯ್ತು, ಕನ್ನಡ ಸಿಗ್ತಾ ಉಂಟು. ಆಸ್ಕಿ ರೆಕಾರ್ಡ್ ಸೋಲ್ ಕಡೆ ಮಾತ್ರ. ಎರಡು ಸಣ್ಣ ಪ್ರಶ್ನೆ. ತುಳು ಪುಸ್ತಕಕ್ಕೆ ಭಾಷೆಯ ಕೋಡ್ ಏನು? ಎಲ್ಲದಕ್ಕೂ ಕನ್ನಡ ಅಂತಲೇ ಉಂಟು. ಮತ್ತೆ ಆ ತಾತ್ಕಾಲಿಕ ರೆಕಾರ್ಡ್ ಒಟ್ಟು ಸೂಚಿಗೆ ಹೋಗುವುದಿಲ್ವಾ?

ಅರ್ಕಾವೊತ್ತು

ಮಾರ್ಕ್ ಭಾಷಾ ಪಟ್ಟಿಯಲ್ಲಿ ತುಳುವಿಗೆ ಸ್ವಂತ ಕೋಡ್ ಇಲ್ಲ, ಇತರ ದ್ರಾವಿಡ ಭಾಷೆಗಳ ಜೊತೆ ಸೇರಿಸಿದ್ದಾರೆ. 008 ಫೀಲ್ಡಿನಲ್ಲಿ ಭಾಷೆಗಿರುವ 35ರಿಂದ 37ನೇ ಸ್ಥಾನಗಳಲ್ಲಿ ಡಿ-ಆರ್-ಎ ಹಾಕಿ. ಅಷ್ಟೇ ಹಾಕಿದರೆ ತುಳು ಅಂತ ಬೇರ್ಪಡಿಸಲಿಕ್ಕೆ ಆಗುವುದಿಲ್ಲ, ಹಾಗಾಗಿ ಭಾಷೆಯದ್ದೇ ಫೀಲ್ಡಾದ 041ರ ಎರಡನೇ ಇಂಡಿಕೇಟರ್ 7 ಮಾಡಿ, ಎ ಸಬ್‌ಫೀಲ್ಡಿಗೆ ಟಿ-ಸಿ-ವೈ, 2 ಸಬ್‌ಫೀಲ್ಡಿಗೆ ಐಎಸ್‌ಒ639-3 ಅಂತ ಬರೆಯಿರಿ. ಕೊಂಕಣಿಗೆ ಕೆ-ಒ-ಕೆ ಉಂಟು. ಕನ್ನಡ ಲಿಪಿಯಲ್ಲಿ ಅಚ್ಚಾಗಿದೆ ಅಂತ ಅದನ್ನು ಕನ್ನಡಕ್ಕೆ ಸೇರಿಸಬೇಡಿ. ಸೂಚಿಯಲ್ಲಿ 008ಕ್ಕಿಂತ 041ನ್ನು ಮೊದಲು ಓದುವ ಹಾಗೆ ಮಾಡಿದರೆ "ತುಳು" ಅಂತ ಒತ್ತಿದವರಿಗೆ ತುಳುವೇ ಬರ್ತದೆ.

ಎಕ್ಸ್‌ಪ್ರೆಸ್_ಪಾರ್ಸೆಲ್

ಹೋಗ್ತದೆ. ಉಡುಪಿಯಿಂದ ತರಿಸಿದ ಪುಸ್ತಕ ಮರುದಿನ ಬೆಳಿಗ್ಗೆ "ಮಂಗಳೂರಿನಲ್ಲಿ ಲಭ್ಯ" ಅಂತ ಕಾಣ್ತದೆ, ಅದನ್ನು ನೋಡಿ ಮೂರನೆಯವರು ನಿಮ್ಮ ಹತ್ತಿರ ಕೇಳ್ತಾರೆ. ಅಂಥ ರೆಕಾರ್ಡಿಗೆ "ಎರವಲು" ಅಂತ ಬೇರೆ ಐಟಂ ಟೈಪ್ ಕೊಟ್ಟು, ಎಕ್ಸ್‌ಪೋರ್ಟ್ ಆದ ಫೈಲಿನಿಂದ ಆ ಟೈಪಿನದ್ದನ್ನು ಆಮದಿಗೆ ಮುಂಚೆಯೇ ತೆಗೆದುಹಾಕಿ. 942ರ ಎನ್ ಸಬ್‌ಫೀಲ್ಡಿಗೆ 1 ಹಾಕಿ ಒಪ್ಯಾಕ್ ಸಪ್ರೆಶನ್ ಆನ್ ಮಾಡಿದರೆ ನಿಮ್ಮ ಸ್ವಂತ ಹುಡುಕು ಪುಟದಲ್ಲೂ ಕಾಣುವುದಿಲ್ಲ. ಪುಸ್ತಕ ಹಿಂದೆ ಹೋದ ದಿನವೇ ರೆಕಾರ್ಡ್ ಅಳಿಸಿ.